ಮರ ಬೇಯಿಸಿದ ಬೇಸಿಗೆ

ಕಳೆದ ತಿಂಗಳು ಕೆ.ಆರ್. ಪೇಟೆಯಲ್ಲಿ ನೆಂಟರ ಮನೆಗೆ ನಡೆದು ಹೋಗುತ್ತಿದ್ದೆ. ದಾರಿಯಲ್ಲಿ ಮರ ಕುಯ್ಯುವ ಮಿಲ್ಲೊಂದರ ಮುಂದೆ ಕಾಲು ತಾನಾಗಿಯೇ ನಿಂತಿತು. ಒಳಗೆ ಹಲಸಿನ ದಿಮ್ಮಿ ಸೀಳುತ್ತಿದ್ದರು. ಹಸಿ ಹಲಸಿಗೆ ಒಂದು ವಾಸನೆ ಇದೆ, ಸ್ವಲ್ಪ ಹುಳಿ, ಸ್ವಲ್ಪ ಸಿಹಿ. ನಾನು ಅಲ್ಲೇ ನಿಂತು ಜೋರಾಗಿ ಉಸಿರೆಳೆದುಕೊಳ್ಳುವುದನ್ನು ಕಂಡು ಮಿಲ್ಲಿನವನು ಹೊರಗೆ ಬಂದ.

"ಏನ್ ಬೇಕಿತ್ತವ್ವಾ? ಬಾಗ್ಲಾ, ಕಿಟ್ಕೀನಾ?"

"ಏನೂ ಬೇಡಪ್ಪ, ವಾಸನೆ ನೋಡ್ತಿದ್ದೆ" ಅಂದೆ. ಅವನು ನಕ್ಕು ಒಳಗೆ ಹೋದ. ನಾನು ಮುಂದೆ ನಡೆದೆ, ಆದರೆ ಮನಸ್ಸು ಆಗಲೇ ಕಿಕ್ಕೇರಿಯ ನಮ್ಮ ಮನೆಯ ಹಿತ್ತಲಿಗೆ ಹೋಗಿಬಿಟ್ಟಿತ್ತು. ಅಲ್ಲಿ ಮೂರು ಕಲ್ಲಿನ ಒಲೆಯ ಮೇಲೆ ಅವ್ವನ ಸಾರಿನ ಮಡಕೆ, ಮಡಕೆಯೊಳಗೆ ಕುದಿಯುತ್ತಿರುವ ಮರದ ತುಂಡುಗಳು.

ಅದು ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ನನಗೆ ಇಪ್ಪತ್ತೊಂಬತ್ತು ತುಂಬಿತ್ತು. ಅಪ್ಪ ಮರಗೆಲಸದವರು. ಸುತ್ತಿನ ಹಳ್ಳಿಗಳಲ್ಲಿ ಪುಟ್ಟಾಚಾರ್ರು ಅಂದರೆ ಬಾಗಿಲುವಾಡಕ್ಕೆ, ನೇಗಿಲಿಗೆ, ಗಾಡಿ ಚಕ್ರದ ನಡುವಿನ ಗುಂಬಕ್ಕೆ ಹೆಸರು. ಅವರ ಮಗಳಾದ ನಾನು ಮೈಸೂರಿನಲ್ಲಿ ಸಸ್ಯಶಾಸ್ತ್ರ ಓದಿ, ಮರದ ಒಳರಚನೆಯ ಮೇಲೆಯೇ ಪಿಎಚ್.ಡಿ. ಮಾಡಿದ್ದೆ. ಅಪ್ಪ ಮರವನ್ನು ಹೊರಗಿನಿಂದ ಕಂಡರೆ ನಾನು ಒಳಗಿನಿಂದ ಕಾಣುತ್ತಿದ್ದೆ, ಅಷ್ಟೇ ವ್ಯತ್ಯಾಸ. ಆದರೆ ಪದವಿ ಕೈಗೆ ಬರುವ ಹೊತ್ತಿಗೆ ನನ್ನ ಗೈಡು ನಿವೃತ್ತರಾಗಿದ್ದರು. ಪಾಂಡವಪುರದ ಕಾಲೇಜೊಂದರಲ್ಲಿ ವಾರಕ್ಕೆ ಕೆಲವು ಗಂಟೆ ಪಾಠ ಮಾಡುವುದು ಬಿಟ್ಟರೆ ನನಗೆ ಬೇರೆ ಕೆಲಸವಿರಲಿಲ್ಲ.

ಸಂಶೋಧನೆಯಲ್ಲೇ ಮುಂದುವರಿಯಬೇಕೆಂದರೆ ಪಿಎಚ್.ಡಿ. ಆದ ಮೇಲೆ ಬೇರೊಬ್ಬರ ಪ್ರಯೋಗಾಲಯದಲ್ಲಿ ಎರಡು ಮೂರು ವರ್ಷ ದುಡಿಯಬೇಕು. ಅದಕ್ಕೆ ಪೋಸ್ಟ್‌ಡಾಕ್ ಅನ್ನುತ್ತಾರೆ. ಇದನ್ನು ಎದುರು ಮನೆಯ ಜವರೇಗೌಡರಿಗೆ ವಿವರಿಸಿ ನಾನು ಸೋತೆ.

"ಅಲ್ಲ ಕಣವ್ವ ರತ್ನ, ಡಾಕ್ಟ್ರು ಅಂತ ಆದ್ಮೇಲೂ ಇನ್ನೂ ಕಲಿಯಾದು ಅಂದ್ರೆ ಏನು? ಎಮ್ಮೆ ಈದ್ಮೇಲೂ ಗಬ್ಬ ಅಂದಂಗಾಯ್ತಲ್ಲ!"

ಇಮೇಲು ಇನ್ನೂ ನಮ್ಮ ಕಡೆ ಬಂದಿರಲಿಲ್ಲ. ಅಂಥ ಕೆಲಸ ಹುಡುಕುವುದೆಂದರೆ ಮೈಸೂರಿನ ಗ್ರಂಥಾಲಯದಲ್ಲಿ ಕೂತು, ವಿದೇಶಿ ಪತ್ರಿಕೆಗಳ ಲೇಖನಗಳ ಅಡಿಯಲ್ಲಿ ಸಣ್ಣಕ್ಷರದಲ್ಲಿರುವ ವಿಳಾಸಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವುದು. ಆಮೇಲೆ ಪಾಂಡವಪುರದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಒಂದೊಂದು ಕಾಗದವನ್ನೂ ಬೇರೆಬೇರೆಯಾಗಿ ಹೊಡೆಸಿ, ಅಚ್ಚಾದ ಲೇಖನದ ಒಂದು ಪ್ರತಿ ಜೊತೆಗಿಟ್ಟು ವಿಮಾನದಂಚೆಗೆ ಹಾಕುವುದು. ಆಮೇಲೆ ಕಾಯುವುದು. ಆ ಚಳಿಗಾಲದಲ್ಲಿ ನಾನು ಇಪ್ಪತ್ತೇಳು ಕಾಗದ ಹಾಕಿದ್ದೆ.

ಸಂಕ್ರಾಂತಿ ಕಳೆದ ಮೇಲೆ ಉತ್ತರಗಳು ಬರತೊಡಗಿದವು. ಪೋಸ್ಟ್‌ಮ್ಯಾನ್ ನಿಂಗಪ್ಪನಿಗೆ ನನಗಿಂತ ಹೆಚ್ಚು ಉತ್ಸಾಹ. ಅವನ ಮಗಳು ಸ್ಟಾಂಪು ಕೂಡಿಡುತ್ತಿದ್ದಳು. ಬೀದಿಯ ತುದಿಯಿಂದಲೇ ಕೂಗುತ್ತಿದ್ದ: "ರತ್ನಕ್ಕಾ, ಇವತ್ತು ಕೆನಡಾ!" ನಾನು ಒಡೆದು ಓದುವವರೆಗೂ ಸೈಕಲ್ಲು ಹಿಡಿದು ನಿಂತಿರುತ್ತಿದ್ದ. "ನಿಮ್ಮ ಆಸಕ್ತಿಗೆ ಧನ್ಯವಾದ, ಸದ್ಯಕ್ಕೆ ಸ್ಥಾನ ಖಾಲಿ ಇಲ್ಲ" ಎಂಬುದನ್ನು ಎಷ್ಟು ಬಗೆಯಲ್ಲಿ ವಿನಯವಾಗಿ ಬರೆಯಬಹುದೆಂದು ಆ ವರ್ಷ ಕಲಿತೆ.

"ಏನಂತೆ?" ಅಪ್ಪ ಕೇಳುತ್ತಿದ್ದರು.

"ಇಲ್ಲವಂತೆ."

ಅಪ್ಪ ಕಾಗದವನ್ನು ತೆಗೆದುಕೊಂಡು ಹೆಬ್ಬೆರಳಲ್ಲಿ ಸವರಿ ಬೆಳಕಿಗೆ ಹಿಡಿಯುತ್ತಿದ್ದರು. "ಏನ್ ನಯವಾಗದೆ ನೋಡು. ಯಾವ್ ಮರದ್ದೋ ಏನೋ." ಅಷ್ಟು ಹೊತ್ತಿಗೆ ನಿಂಗಪ್ಪ ಲಕೋಟೆಯ ಮೂಲೆ ಹರಿದು ಜೇಬಿಗೆ ಹಾಕಿಕೊಂಡಿರುತ್ತಿದ್ದ. ನನ್ನ ಒಂದೊಂದು ಸೋಲಿಗೂ ಅವನ ಮನೆಯಲ್ಲೊಂದು ಸಂತೋಷ. ಯೋಚಿಸಿದರೆ ನಗು ಬರುತ್ತಿತ್ತು.

ಯುಗಾದಿ ಕಳೆದ ವಾರ ಜಪಾನಿನಿಂದ ಒಂದು ಕಾಗದ ಬಂತು. ಉಳಿದವೆಲ್ಲ ಟೈಪಾಗಿದ್ದರೆ ಇದು ಕೈಬರಹದ್ದು. ಬರೆದವರು ಪ್ರೊಫೆಸರ್ ಹಮಾಸೆ. ಅವರ ಇಂಗ್ಲಿಷು ಚಿಕ್ಕ ಚಿಕ್ಕ ವಾಕ್ಯಗಳದು. ನನ್ನ ಬಳಿ ಎರಡು ವರ್ಷದ ಒಂದು ಸ್ಥಾನವಿದೆ. ನಿಮ್ಮ ಲೇಖನ ಓದಿದೆ. ಲೇಖನದಿಂದ ತಲೆ ಗೊತ್ತಾಗುತ್ತದೆ, ಕೈ ಗೊತ್ತಾಗುವುದಿಲ್ಲ. ನಿಮ್ಮ ಊರಿನ ಮೂರು ಮರಗಳನ್ನು ನೀವೇ ಕತ್ತರಿಸಿ, ಸ್ಲೈಡು ಮಾಡಿ, ಮೇ ತಿಂಗಳು ಮುಗಿಯುವುದರೊಳಗೆ ಕಳಿಸಿ.

'ನೀವೇ' ಎಂಬುದರ ಕೆಳಗೆ ಒಂದು ಗೆರೆ ಎಳೆದಿದ್ದರು.

ಮಾರನೆಯ ದಿನವೇ ಮೈಸೂರಿಗೆ ಹೋದೆ. ಮರವನ್ನು ಕೂದಲಿಗಿಂತ ತೆಳ್ಳಗೆ ಹೆರೆಯಲು ಮೈಕ್ರೊಟೋಮ್ ಎಂಬ ಯಂತ್ರ ಬೇಕು. ಗೇಣುದ್ದದ, ಭಾರವಾದ ಉಕ್ಕಿನ ಚಾಕು ಅದರ ಜೀವ. ನಮ್ಮ ವಿಭಾಗದಲ್ಲಿ ಇದ್ದದ್ದು ಒಂದೇ ಯಂತ್ರ, ಅದರ ಚಾಕುವಿನ ಅಲಗು ನೋಡಿದರೆ ಇಲಿ ಕಡಿದಂತಿತ್ತು. ಅಟೆಂಡರ್ ಶಿವಣ್ಣ ಕೈಚೆಲ್ಲಿದ. "ಬೆಂಗಳೂರಿಗೆ ಕಳಿಸಿ ಸಾಣೆ ಹಿಡಿಸಬೇಕು ಮೇಡಂ. ಎರಡು ತಿಂಗಳಾದ್ರೂ ಆಗುತ್ತೆ."

ನನಗಿದ್ದದ್ದು ಐದಾರು ವಾರ. ವಿಭಾಗದ ಮುಖ್ಯಸ್ಥರನ್ನು ಕೇಳಿಕೊಂಡು ಚಾಕುವನ್ನು ಟವೆಲ್ಲಿನಲ್ಲಿ ಸುತ್ತಿ ಮನೆಗೆ ತಂದೆ. ಬಸ್ಸು ಶ್ರೀರಂಗಪಟ್ಟಣ ದಾಟುವಾಗ ಕರಿಘಟ್ಟದ ಗುಡಿಯ ಕಡೆ ನೋಡಿ ಕೈಮುಗಿದದ್ದು ನೆನಪಿದೆ. ಮಡಿಲಲ್ಲಿ ಅಂಥ ಚಾಕು ಇಟ್ಟುಕೊಂಡು ಕೈಮುಗಿಯುತ್ತಿದ್ದ ನನ್ನನ್ನು ಪಕ್ಕದ ಹೆಂಗಸು ಕಂಡು ಸ್ವಲ್ಪ ಸರಿದು ಕೂತಳು.

ಅಪ್ಪ ಟವೆಲ್ಲು ಬಿಚ್ಚಿ ಅಲಗನ್ನು ಬಿಸಿಲಿಗೆ ಹಿಡಿದರು. ಮುಖ ಕಿವುಚಿಕೊಂಡರು.

"ಯಾರವ್ವಾ ಇದ್ನ ಇಂಗ್ ಮಾಡಿರೋರು? ಒಳ್ಳೆ ಉಕ್ಕು ಕಣ್ ಮಗಾ ಇದು. ಪಾಪ."

"ಮಸೆಯಕ್ಕಾಗುತ್ತಾ ಅಪ್ಪ?"

"ನೋಡಾವ ಬುಡು."

ಎರಡು ದಿನ ಕೆಲಸದಿಂದ ಬಂದ ಮೇಲೆ ಜಗಲಿಯಲ್ಲಿ ಕೂತು ಮಸೆದರು. ಮೂರನೆಯ ದಿನ ನನ್ನ ಕೈಗೆ ಕೊಟ್ಟು, "ಇನ್ನೇನಿಲ್ಲ ನೋಡು" ಅಂದರು. ಪಾಂಡವಪುರದ ಕಾಲೇಜಿನಿಂದ ನಾನು ಒಂದು ಹಳೆಯ ಸೂಕ್ಷ್ಮದರ್ಶಕ ಕೇಳಿ ತಂದಿದ್ದೆ. ಅಲಗನ್ನು ಅದರಡಿ ಇಟ್ಟು ನೋಡಿದೆ. ಹೇಳಲು ಸಂಕೋಚವಾಯಿತು. "ನೀನೇ ನೋಡಪ್ಪ" ಅಂದೆ.

ಅಪ್ಪ ಒಂದು ಕಣ್ಣು ಮುಚ್ಚಿ ಬಗ್ಗಿದರು. ತಟ್ಟನೆ ತಲೆ ಎತ್ತಿ ನನ್ನನ್ನೂ ಚಾಕುವನ್ನೂ ನೋಡಿದರು. ಮತ್ತೆ ಬಗ್ಗಿದರು.

"ಇದು ಗರಗಸ ಅಲ್ವಾ!"

ನಲವತ್ತು ವರ್ಷ ಉಳಿ ಹಿಡಿದವರು ತಮ್ಮ ಅಲಗಿನ ನಿಜವಾದ ಮುಖ ಕಂಡದ್ದು ಆವತ್ತೇ ಮೊದಲು. ಬೇಸರವಾಗುತ್ತದೇನೋ ಎಂದು ನಾನು ಹೆದರಿದ್ದೆ. ಆದರೆ ಅವರಿಗೆ ಹುಡುಗಾಟದ ವಯಸ್ಸಿನ ಹುರುಪು ಬಂದುಬಿಟ್ಟಿತು. ಊರಲ್ಲಿದ್ದ ನುಣ್ಣನೆಯ ಕಲ್ಲುಗಳೆಲ್ಲ ನಮ್ಮ ಜಗಲಿಗೆ ಬಂದವು. ಅಜ್ಜನ ಕಾಲದ ಕರಿಕಲ್ಲೊಂದನ್ನು ಅಟ್ಟದಿಂದ ಇಳಿಸಿದರು. ಹೊಂಗೆ ಎಣ್ಣೆ ಬಿಟ್ಟು ತೆಂಗಿನೆಣ್ಣೆ ಹಾಕಿ ನೋಡಿದರು. ಕೊನೆಗೆ ಅಲಗು ತೀಡಲೆಂದು ನನ್ನ ತಮ್ಮನ ಚರ್ಮದ ಬೆಲ್ಟು ಹಲಗೆಗೆ ಮೊಳೆ ಹೊಡೆಸಿಕೊಂಡು ಮಲಗಿತು. ತಮ್ಮ ಆಮೇಲೆ ಉಡಿದಾರಕ್ಕೆ ಪ್ಯಾಂಟು ಸಿಕ್ಕಿಸಿಕೊಂಡು ಓಡಾಡಿದ. ದಿನಾ ಸಂಜೆ ಬೆಳಕಿರುವಾಗಲೇ ಮಸೆಯುವುದು, ನೋಡುವುದು, "ಇನ್ನೂ ಅವೆ ಕಣ್ ಮಗಾ, ಹಲ್ಲವೆ" ಎಂದು ಮತ್ತೆ ಕೂರುವುದು.

ಇತ್ತ ಹಿತ್ತಲಲ್ಲಿ ನನ್ನ ಅಡುಗೆ ನಡೆಯುತ್ತಿತ್ತು. ಮೂರು ಮರಗಳನ್ನು ಅಪ್ಪನೇ ಆರಿಸಿದ್ದರು: ಬಾಗಿಲಿನ ಹಲಸು, ಕಂಬದ ಹೊನ್ನೆ, ನೇಗಿಲಿನ ಕರಿಜಾಲಿ. ಒಣಗಿದ ಮರ ಹೆರೆಯಲು ಬರುವುದಿಲ್ಲ. ನೆಲ್ಲಿಕಾಯಿ ಗಾತ್ರದ ತುಂಡು ಮಾಡಿ, ಅವು ನೀರಲ್ಲಿ ಮುಳುಗುವವರೆಗೂ ಬೇಯಿಸಬೇಕು. ಅವ್ವ ಬೀದಿಗೆಲ್ಲ ಸಾರಿದಳು: "ನಮ್ಮ ರತ್ನ ಮರದ್ ಸಾರ್ ಮಾಡ್ತಾವ್ಳೆ, ಮುದ್ದೆ ತಕಂಡ್ ಬನ್ನಿ." ಹೊನ್ನೆ ಬೆಂದ ನೀರು ಕೆಂಪಗಾದಾಗ ಜವರೇಗೌಡರ ಹೆಂಡತಿ ಚೊಂಬು ಹಿಡಿದು ನಿಜವಾಗಿಯೂ ಬಂದರು. ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಯಾರೋ ಹೇಳಿದ್ದರಂತೆ. ಕೊಡುವುದಿಲ್ಲ ಎಂದು ಒಪ್ಪಿಸುವುದರಲ್ಲಿ ಅರ್ಧ ದಿನ ಹೋಯಿತು. ಹಲಸು ಎರಡು ದಿನಕ್ಕೆ ಮುಳುಗಿತು. ಜಾಲಿ ಹಾಕಿದ ಕೂಡಲೇ ಮುಳುಗಿತು, ಆದರೆ ಆರು ದಿನ ಬೆಂದರೂ ಕಲ್ಲಿನಂತೆಯೇ ಇತ್ತು.

ಒಂದು ಸಂಜೆ ಬೆಂದ ಹಲಸನ್ನು ಬ್ಲೇಡಿನಲ್ಲಿ ತೆಳ್ಳಗೆ ಸೀಳಿ, ಕೆಂಪು ಬಣ್ಣದಲ್ಲಿ ಅದ್ದಿ ಸೂಕ್ಷ್ಮದರ್ಶಕದಡಿ ಇಟ್ಟಿದ್ದೆ. ಅಪ್ಪ ಅಲಗು ನೋಡಲು ಬಂದವರು, "ಇದೇನಾಕಿದ್ದೀಯೆ?" ಎಂದು ಬಗ್ಗಿದರು. ಬಗ್ಗಿದವರು ಮೇಲೇಳಲಿಲ್ಲ.

"ಏನ್ ಮಗಾ ಇದು, ತೂತು ತೂತು?"

"ಬೇರಿಂದ ನೀರು ಹೋಗೋ ಕೊಳವೆ ಅಪ್ಪ. ಅಡ್ಡ ಕುಯ್ದಿರೋದ್ರಿಂದ ಬಾಯಿ ಕಾಣ್ತಿದೆ."

"ಈ ತೆಳ್ಳಗಿರಾದು, ತೂತಿನೊಳಗೆ ಬಲೂನಿನಂಗೆ?"

"ಮರ ಬಲಿತ ಮೇಲೆ ಕೊಳವೆನ ತಾನೇ ಮುಚ್ಕೊಳ್ಳುತ್ತೆ. ಅದರ ಬಿರಡೆ ಅದು."

ಅಪ್ಪ ಕಣ್ಣು ಬದಲಿಸಿ ಮತ್ತೆ ನೋಡಿದರು. ಆಮೇಲೆ ನಿಧಾನವಾಗಿ, ತಮಗೆ ತಾವೇ ಹೇಳಿಕೊಳ್ಳುವಂತೆ ಅಂದರು: "ಅದ್ಕೇ ಬಲ್ತ ಅಲಸು ನೀರ್ ಕುಡಿಯಾಕಿಲ್ಲ. ಅದ್ಕೇ ನಮ್ಮಪ್ಪ ಬಾಗ್ಲಿಗೆ ನಡುವಿನ ಕೆಚ್ಚನ್ನೇ ಆಕು ಅಂತಿದ್ದ. ಬಾಯ್ ಮುಚ್ಕಂಡದೆ ನೋಡು ಒಳಗೆ." ಅವ್ವನನ್ನು ಕೂಗಿ ಕರೆದರು. ಜವರೇಗೌಡರನ್ನೂ ಕರೆದರು. ಆವತ್ತು ನಮ್ಮ ಬೀದಿಯವರೆಲ್ಲ ಸಾಲಾಗಿ ಬಂದು ಹಲಸಿನ ಒಳಗನ್ನು ನೋಡಿ ಹೋದರು. ಅಪ್ಪ ಪಕ್ಕದಲ್ಲಿ ನಿಂತು ಪ್ರತಿಯೊಬ್ಬರಿಗೂ ಪಾಠ ಹೇಳಿದರು. ಐದು ವರ್ಷ ನಾನು ಮೈಸೂರಿನಲ್ಲಿ ಏನು ಮಾಡುತ್ತಿದ್ದೆ ಎಂಬುದು ನಮ್ಮ ಮನೆಗೆ ತಿಳಿದದ್ದು ಆ ಸಂಜೆ.

ಎರಡು ವಾರದ ಮೇಲೆ ಅಲಗಿನಲ್ಲಿ ಹಲ್ಲು ಕಾಣದಾದವು. ನಾನೂ ಅಪ್ಪನೂ ಮೈಸೂರಿಗೆ ಹೋದೆವು. ಹಲಸು, ಹೊನ್ನೆ ಸರಾಗವಾಗಿ ಬಂದವು. ಈರುಳ್ಳಿಯ ಒಳಸಿಪ್ಪೆಯಂಥ ಹಾಳೆಗಳು ನೀರಿನ ತಟ್ಟೆಯಲ್ಲಿ ತೇಲುವುದನ್ನು ಕಂಡು ಶಿವಣ್ಣ, "ಯಾವ ಕಂಪನಿಯವರು ಸಾಣೆ ಹಿಡಿದದ್ದು ಮೇಡಂ?" ಎಂದ. ಅಪ್ಪ ಮೂಲೆಯಲ್ಲಿ ನಿಂತು ಮೀಸೆಯಡಿ ನಕ್ಕರು. ಆದರೆ ಜಾಲಿ ಮಣಿಯಲಿಲ್ಲ. ಎಷ್ಟು ಸಲ ಎಳೆದರೂ ಪುಡಿಯಾಗಿ ಉದುರುತ್ತಿತ್ತು. ನನ್ನ ಹಣೆಯಿಂದ ಬೆವರು ಇಳಿಯುತ್ತಿತ್ತು.

ಅಪ್ಪ ಯಂತ್ರದ ಹತ್ತಿರ ಬರಲಿಲ್ಲ. ನಿಂತಲ್ಲಿಂದಲೇ ಕಿವಿಗೊಟ್ಟು ಕೇಳಿದರು.

"ಸದ್ದು ಸರಿಯಿಲ್ಲ ಮಗಾ. ನೆಟ್ಟಗೆ ಎದುರಾಕ್ಕಂಡ್ ಓಯ್ತಾ ಇದ್ದೀಯೆ ನೀನು. ಜಾಲಿ ಮುಂದೆ ಅಂಗೆಲ್ಲ ಎದೆ ಸೆಟೆಸ್ಬಾರ್ದು. ಅಲಗನ್ನ ಓರೆ ಮಾಡು."

ತಿರುಪು ಸಡಿಲಿಸಿ ಚಾಕುವನ್ನು ಓರೆಯಾಗಿ ನಿಲ್ಲಿಸಿದೆ. "ಇನ್ನೂ" ಅಂದರು. ಇನ್ನಷ್ಟು ಓರೆ ಮಾಡಿದೆ. ಉಸಿರು ಬಿಗಿಹಿಡಿದು ಎಳೆದೆ. ರೇಷ್ಮೆ ಬಟ್ಟೆ ಹರಿದಂಥ ಸದ್ದಾಯಿತು. ಎಲ್ಲೂ ಮುರಿಯದ, ಅಂಚು ಹರಿಯದ ಒಂದು ಹಾಳೆ ಅಲಗಿನ ಮೇಲೆ ಸುರುಳಿಯಾಗಿ ಕೂತಿತ್ತು.

ಸ್ಲೈಡುಗಳಿಗೆ ಅಪ್ಪ ಹೊನ್ನೆಯ ಒಂದು ಪುಟ್ಟ ಪೆಟ್ಟಿಗೆ ಮಾಡಿಕೊಟ್ಟರು, ಒಂದೊಂದು ಗಾಜಿಗೂ ಒಂದೊಂದು ಕಚ್ಚು. ಕೆ.ಆರ್. ಪೇಟೆಯ ಅಂಚೆ ಕಚೇರಿಯಲ್ಲಿ ಗುಮಾಸ್ತರು ಫಾರಂ ತುಂಬುತ್ತ, "ಒಳಗೇನಮ್ಮ?" ಎಂದರು. ಮರ ಅಂದೆ. "ಮರದ ಪೆಟ್ಟಿಗೆ ಒಳಗೆ ಮರಾನಾ?" ಎಂದು ಎರಡು ಸಲ ಕೇಳಿ ಬರೆದುಕೊಂಡರು.

ಮೇ ಕಳೆಯಿತು. ಮುಂಗಾರು ಶುರುವಾಗಿ ರಾಗಿ ಹೊಲಗಳು ಉಳುಮೆಗೆ ಬಂದವು. ಜಪಾನಿನಿಂದ ಸುದ್ದಿಯಿಲ್ಲ. ಆಗ ನಾಗಮಂಗಲದ ಕಾಲೇಜೊಂದರಿಂದ ನನಗೆ ಪೂರ್ಣಾವಧಿ ಉಪನ್ಯಾಸಕಿಯ ಕೆಲಸ ಬಂತು. ಅವ್ವ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಶುಕ್ರವಾರ ಬಂದು ಸೇರಿಕೊಳ್ಳಬೇಕು, ಮೂರು ವರ್ಷ ಬಿಡುವುದಿಲ್ಲವೆಂದು ಬರೆದುಕೊಡಬೇಕು. ನಾನೂ ಒಪ್ಪಿಕೊಂಡೇ ಇದ್ದೆ.

ಬುಧವಾರ ನಿಂಗಪ್ಪ ಸೈಕಲ್ಲಿನಿಂದ ಇಳಿಯದೆ ಕೂಗಿದ: "ರತ್ನಕ್ಕಾ, ಜಪಾನು!" ಒಳಗೆ ಎರಡೇ ಸಾಲು. ಸ್ಲೈಡುಗಳು ತಲುಪಿವೆ. ಶನಿವಾರ ನಿಮ್ಮ ಸಮಯ ಬೆಳಿಗ್ಗೆ ಹತ್ತೂವರೆಗೆ ಫೋನು ಮಾಡುತ್ತೇನೆ, ಕೆಲವು ಪ್ರಶ್ನೆಗಳಿವೆ.

ಶುಕ್ರವಾರ ನಾಗಮಂಗಲಕ್ಕೆ ಹೋಗಿ ಕಾಲೇಜಿನ ಕಾರ್ಯದರ್ಶಿಗಳ ಮುಂದೆ ಕೂತೆ. ಸೋಮವಾರದವರೆಗೆ ಸಮಯ ಕೊಡಿ ಎಂದೆ. ಒಳ್ಳೆಯ ಮನುಷ್ಯರು. "ಮಕ್ಕಳು ಕಾಯ್ತಾ ಅವ್ರೆ ತಾಯಿ, ಇನ್ನೊಬ್ಬರು ಸೇರಕ್ಕೆ ಸಿದ್ಧವಾಗಿ ಹೊರಗೆ ಕೂತವ್ರೆ" ಎಂದರು. ಹೊರಗೆ ನನ್ನ ವಯಸ್ಸಿನವನೇ ಒಬ್ಬ ಫೈಲು ಹಿಡಿದು ಕೂತಿದ್ದ. ಪೆನ್ನು ನನ್ನ ಕೈಯಲ್ಲಿತ್ತು. ಬರೆದುಕೊಟ್ಟ ಮೇಲೆ ಆ ಫೋನಿನ ಸದ್ದು ಕೇಳಿ ನಾನೇನು ಮಾಡಲಿ? ಪೆನ್ನು ಮೇಜಿನ ಮೇಲಿಟ್ಟು, ಕ್ಷಮೆ ಕೇಳಿ, ಎದ್ದು ಬಂದೆ.

ಅವ್ವ ಆ ರಾತ್ರಿ ನನ್ನ ತಟ್ಟೆಗೆ ಮುದ್ದೆಯನ್ನು ಸ್ವಲ್ಪ ಜೋರಾಗಿಯೇ ಹಾಕಿದಳು. ಅಪ್ಪ ಮಾತ್ರ, "ಊಟ ಮಾಡು. ನಾಳೆ ಮಾತು ನಾಳೆಗಿರ್ಲಿ" ಎಂದರು.

ಫೋನು ಇದ್ದದ್ದು ಬಸ್ ನಿಲ್ದಾಣದ ಎಸ್‌ಟಿಡಿ ಬೂತಿನಲ್ಲಿ. ಕಾಗದಗಳಲ್ಲಿ ನಾನು ಕೊಟ್ಟಿದ್ದು ಅಲ್ಲಿನ ನಂಬರೇ. ನಡೆಸುತ್ತಿದ್ದವರು ಸಾದಿಕ್ ಭಾಯ್. ಅವರು ಬೆಳಿಗ್ಗೆಯಿಂದ ಯಾರನ್ನೂ ಒಳಗೆ ಬಿಟ್ಟಿರಲಿಲ್ಲ. ಹೊರಗೆ ಏಳೆಂಟು ಜನರ ಸಾಲು ಗೊಣಗುತ್ತಿತ್ತು.

"ಅರೆ, ಜಪಾನಿಂದ ಬರ್ತಾ ಇದೆ ಕಣಪ್ಪಾ! ನಿಮ್ಮ ಮೈಸೂರು, ಮಂಡ್ಯ ಆಮೇಲ್ ನೋಡ್ಕಳಿ. ಬೇಟಿ, ನೀನ್ ಫಿಕರ್ ಮಾಡ್ಬೇಡ, ನೀರ್ ಕುಡಿ."

ಹತ್ತೂವರೆಗೆ ಸರಿಯಾಗಿ ಗಂಟೆ ಬಾರಿಸಿತು. ದೂರದ ಧ್ವನಿ, ನಡುನಡುವೆ ಸಮುದ್ರದಂಥ ಸದ್ದು. ಪ್ರೊಫೆಸರ್ ಹಮಾಸೆ ಮರಗಳ ಬಗ್ಗೆ ಕೇಳಿದರು, ಎಷ್ಟು ಬೇಯಿಸಿದೆ ಎಂದು ಕೇಳಿದರು. ನಾನು ಕಿರುಚಿ ಕಿರುಚಿ ಉತ್ತರ ಹೇಳಿದೆ. ಗಾಜಿನಾಚೆ ಸಾಲಿನವರೆಲ್ಲ ಸುಮ್ಮನಾಗಿ ನೋಡುತ್ತಿದ್ದರು. ಆಮೇಲೆ ಅವರು ಹೇಳಿದರು: "ಮೂರನೆಯ ಮರ ಬಹಳ ಗಟ್ಟಿ. ಆದರೂ ಚಾಕುವಿನ ಒಂದು ಗೀರೂ ಇಲ್ಲ. ಚಾಕು ಮಸೆದವರು ಯಾರು?"

'ನೀವೇ' ಎಂಬುದರ ಕೆಳಗಿನ ಆ ಗೆರೆ ಕಣ್ಣ ಮುಂದೆ ಬಂತು. ನಾನೇ ಎಂದುಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗಾಜಿನಾಚೆ ಅಪ್ಪ ಹೆಗಲ ಟವೆಲ್ಲನ್ನು ಎರಡೂ ಕೈಯಲ್ಲಿ ಹಿಂಡುತ್ತ ನಿಂತಿದ್ದರು.

"ನಮ್ಮ ತಂದೆ" ಅಂದೆ. "ಅವರು ಬಡಗಿ. ಕತ್ತರಿಸಿದ್ದು ನಾನು, ಮಸೆದದ್ದು ಅವರು."

ಆ ಕಡೆಯಿಂದ ಸಮುದ್ರದ ಸದ್ದಷ್ಟೇ ಬಂತು. ಲೈನು ಹೋಯಿತೇನೋ ಎಂದುಕೊಂಡೆ. ಹೋಗಲಿ, ಎಲ್ಲವೂ ಹೋಯಿತು ಎಂದುಕೊಂಡೆ. ಆಮೇಲೆ ನಗು ಕೇಳಿಸಿತು, ಮುದುಕರ ಮೆಲುನಗು.

"ನನ್ನ ಹತ್ತಿರ ಒಬ್ಬರಿಗೆ ಮಾತ್ರ ಹಣವಿದೆ. ಅವರನ್ನು ಕರೆಸಲಾಗುವುದಿಲ್ಲವಲ್ಲ, ಬೇಜಾರು. ನಿಮಗೆ ಮಸೆಯಲು ಬರುತ್ತದೆಯೇ?"

"ಇಲ್ಲ."

"ಇಲ್ಲಿ ಅವರವರ ಚಾಕು ಅವರವರೇ ಮಸೆಯಬೇಕು. ಅಕ್ಟೋಬರಿಗೆ ಬನ್ನಿ. ಅಷ್ಟರಲ್ಲಿ ತಂದೆಯವರಿಂದ ಕಲಿತುಕೊಂಡು ಬನ್ನಿ."

ಬಾಗಿಲು ತೆರೆದು ಹೊರಗೆ ಬಂದೆ. ಸಾಲಿನಲ್ಲಿದ್ದವರೊಬ್ಬರು, "ಏನಂತವ್ವಾ ಜಪಾನು?" ಎಂದರು. ಅಪ್ಪ ನನ್ನ ಮುಖ ನೋಡಿದರು.

"ಬಾ ಅಂದ್ರು ಅಪ್ಪ. ನಿನ್ ಹತ್ರ ಮಸೆಯೋದು ಕಲ್ತು ಬರ್ಬೇಕಂತೆ."

"ಮಸ್ದಿರಾದು ಅಷ್ಟ್ ದೂರ್‍ದೋರಿಗೆ ಗೊತ್ತಾಯ್ತಾ?" ಅಪ್ಪ ಟವೆಲ್ಲನ್ನು ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡರು. ಸಾದಿಕ್ ಭಾಯ್ ಸಾಲಿಗೆಲ್ಲ ಟೀ ಹೇಳಿದರು. ಅವ್ವ ಸುದ್ದಿ ಕೇಳಿ, "ನಂಗ್ ಆಗ್ಲೇ ಗೊತ್ತಿತ್ತು" ಎಂದು ಒಳಗೆ ಹೋಗಿ ಕಣ್ಣೊರೆಸಿಕೊಂಡಳು.

ಆ ಮಳೆಗಾಲವೆಲ್ಲ ನಾನು ಜಗಲಿಯಲ್ಲಿ ಕಲ್ಲಿನ ಮುಂದೆ ಕೂತೆ. ಪಿಎಚ್.ಡಿ.ಗಿಂತ ಕಷ್ಟದ ಕೆಲಸ. ಮೊದಲ ತಿಂಗಳು ಅಪ್ಪ ನನಗೆ ಒತ್ತಲು ಬಿಡಲೇ ಇಲ್ಲ. "ಉಜ್ಜಾದಲ್ಲ ಮಗಾ. ಕಲ್ಲಿಗೆ ಅಲಗು ತಾಕ್ತಾ ಅದೆ ಅಂತ ಬೆರಳಿಗೆ ಗೊತ್ತಾಗ್ಬೇಕು, ಅಷ್ಟೇಯ." ಮಣಿಕಟ್ಟು ಊದಿತು, ಬೆರಳು ಕುಯ್ದುಕೊಂಡೆ. ಒಂದು ದಿನ ಕೇಳಿಯೇಬಿಟ್ಟೆ, ಚಿಕ್ಕವಳಿದ್ದಾಗ ಯಾಕೆ ಕಲಿಸಲಿಲ್ಲ ಎಂದು.

"ನೀನ್ ಓದಾಳು ಅಂತ ಸುಮ್ಕಾಗ್ಬುಟ್ಟೆ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಎಣ್ಮಗ ಅಂತಾನೂ ಇತ್ತು. ತಪ್ಪಾಯ್ತು" ಎಂದರು.

ಹೊರಡುವ ಹಿಂದಿನ ದಿನ ಬೆಳಿಗ್ಗೆ ಮಳೆ ಬಿಟ್ಟಿತ್ತು. ಅಪ್ಪನಿಗೆ ಪಕ್ಕದ ಹಳ್ಳಿಯಲ್ಲಿ ಬಾಗಿಲುವಾಡ ಕೂರಿಸುವ ಕೆಲಸವಿತ್ತು. ಕೆಲಸದ ಚೀಲದಿಂದ ತಮ್ಮ ದೊಡ್ಡ ಉಳಿ ತೆಗೆದರು. ಅದನ್ನು ಅವರು ಯಾರ ಕೈಗೂ ಕೊಟ್ಟದ್ದನ್ನು ನಾನು ಕಂಡಿರಲಿಲ್ಲ. ಜೊತೆ ಕೆಲಸದವರು ಕೇಳಿದರೂ ಬೇರೆ ಉಳಿ ಕೊಡುತ್ತಿದ್ದರು.

"ಮಸ್ಕೊಡು ಮಗಾ, ಒತ್ತಾಯ್ತದೆ" ಎಂದು ನನ್ನ ಮುಂದೆ ಇಟ್ಟು ಕಾಫಿ ಕುಡಿಯಲು ಒಳಗೆ ಹೋದರು.

ನಾನು ಮಸೆದೆ. ಅವರು ಬಂದು ಉಳಿ ಎತ್ತಿಕೊಂಡರು. ಬೆಳಕಿಗೆ ಹಿಡಿಯಲಿಲ್ಲ, ಬೆರಳಲ್ಲಿ ಮುಟ್ಟಿ ನೋಡಲಿಲ್ಲ. ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, ಸೈಕಲ್ಲು ಹತ್ತಿ ಕೆಲಸಕ್ಕೆ ಹೋದರು.